ಪೆನ್‌ಡ್ರೈವ್ ಸಾಕು ಎಂದ ಮಧ್ವೇಶ

ಸಿಂಗಾಪುರದ ಬುಕಿತ್ ಬಾಟೋಕ್‌ನಿಂದ ಎಕ್ಸ್‌ಪೋ ಸ್ಟೇಷನ್ನಿಗೆ ಎಂಆರ್‌ಟಿ ರೈಲಿನಲ್ಲಿ ಒಂದು ಗಂಟೆಗೂ ಮೀರಿದ ದಾರಿ. ಮಧ್ಯೆ ಎರಡು ಕಡೆ ರೈಲು ಬದಲಿಸಬೇಕು. ಈ ದಾರಿಯಲ್ಲಿ ನಾನೂ ಮಧ್ವೇಶನೂ ಏಳು ವರ್ಷ ಜೊತೆಯಾಗಿ ಓಡಾಡಿದ್ದೇವೆ. ನಾವಿಬ್ಬರೂ ಚಾಂಗಿ ಬಿಸಿನೆಸ್ ಪಾರ್ಕಿನ ಒಂದು ಬ್ಯಾಂಕಿನ ಐಟಿ ಸೆಂಟರಿನಲ್ಲಿ, ಅಲ್ಲಿನವರ ಕಂಪ್ಯೂಟರ್ ಕೆಟ್ಟರೆ ನೋಡುವ ತಂಡದವರು. ಅವನಿಗಿಂತ ನಾನು ಹನ್ನೆರಡು ವರ್ಷ ದೊಡ್ಡವನಾದ್ದರಿಂದ ಅವನ ಬಾಯಲ್ಲಿ ನಾನು ಯಾವತ್ತೂ ‘ಶಿವರಾಮ್ ಸರ್’.

ಮಧ್ವೇಶ ಮೈಸೂರಿನವನು. ಕೆಲಸದಲ್ಲಿ ಅಚ್ಚುಕಟ್ಟು. ಲ್ಯಾಪ್‌ಟಾಪ್ ಬಿಚ್ಚಿದರೆ ಪ್ರತಿ ಸ್ಕ್ರೂವನ್ನೂ ಅದು ಇದ್ದ ಜಾಗದ ಪ್ರಕಾರವೇ ಕಾಗದದ ಮೇಲೆ ಸಾಲಾಗಿ ಇಡುತ್ತಿದ್ದ. ಯಾರಾದರೂ ಸಿಸ್ಟಮ್ ಸ್ಲೋ ಎಂದು ಬಂದರೆ, ನಮ್ಮಲ್ಲಿ ಬೇರೆಯವರು ರೀಸ್ಟಾರ್ಟ್ ಮಾಡಿ ಎಂದು ಸಾಗಹಾಕುತ್ತಿದ್ದರು. ಇವನು ಕುರ್ಚಿ ಎಳೆದುಕೊಂಡು ಕೂತು, ಕಾರಣ ಹುಡುಕಿ, ಇದಕ್ಕೆ ಇದೇ ಆಗಬೇಕು, ಬೇರೆ ಮಾಡಿದರೆ ಪ್ರಯೋಜನವಿಲ್ಲ ಎಂದು ನೇರವಾಗಿ ಹೇಳುತ್ತಿದ್ದ. ಅಂಥವನು ತನ್ನ ಮಗಳಿಗೇ ಅರ್ಧ ಸತ್ಯ ಹೇಳಿದ ಎಂಬುದೇ ನಾನು ಹೇಳಹೊರಟಿರುವ ವಿಷಯ. ಅವನನ್ನು ಕೇಳಿಯೇ ಹೇಳುತ್ತಿದ್ದೇನೆ.

ಅವನ ಹೆಂಡತಿ ವಿನುತಾ ಮದುವೆಗೆ ಮುಂಚೆ ಮೈಸೂರಿನಲ್ಲಿ ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು. ಇಲ್ಲಿ ಗಂಡನ ಕೆಲಸದ ಆಧಾರದಲ್ಲಿ ಸಿಗುವ ಡಿಪೆಂಡೆಂಟ್ ಪಾಸಿನ ಮೇಲೆ ಹನ್ನೊಂದು ವರ್ಷ ಮನೆಯಲ್ಲೇ ಇದ್ದಳು. ಮಗಳು ವರ್ಣಿಕಾ ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಅವಳು ಪ್ರೈಮರಿ ಫೋರ್‌ನಲ್ಲಿದ್ದಾಗ ವಿನುತಾಗೆ ಹಳೆಯ ಕಾಲೇಜಿನಿಂದಲೇ ಕರೆ ಬಂತು. ಎರಡು ವರ್ಷ ನೋಡೋಣ ಎಂದು ಮಗಳನ್ನೂ ಕರೆದುಕೊಂಡು ಹೋದಳು. ಎರಡು ವರ್ಷ ಮೂರಾಯಿತು. ಜಗಳವೇನೂ ಆಗಲಿಲ್ಲ. ಗಂಡ ಹೆಂಡತಿಯ ಮಾತು ಕಡಿಮೆಯಾಗುತ್ತಾ ಬಂದು, ಕೊನೆಗೆ ಮಗಳ ಜ್ವರ, ಮಗಳ ಪರೀಕ್ಷೆ, ಇಷ್ಟಕ್ಕೆ ಬಂದು ನಿಂತಿತು. ಒಂದು ದಿನ ವಿನುತಾ, ಇದನ್ನು ಕಾಗದದ ಮೇಲೂ ಮುಗಿಸಿಬಿಡೋಣವೇ ಎಂದು ಮೇಲ್ ಬರೆದಳು. ಇವನು ಆಗಲಿ ಎಂದ. ರೈಲು ಕ್ಲೆಮೆಂಟಿ ದಾಟುವಾಗ ಈ ಸುದ್ದಿಯನ್ನು ನನಗೆ ಹೇಳಿ, ಮುಂದೆ ರೈಲು ಬದಲಿಸುವವರೆಗೂ ಎದುರಿನ ಸೀಟಿನ ಕೆಳಗೇ ನೋಡುತ್ತಾ ಕೂತಿದ್ದ.

ಆಮೇಲೆ ಅವನು ದೊಡ್ಡ ಮನೆ ಬಿಟ್ಟು ಅದೇ ಬ್ಲಾಕಿನಲ್ಲಿ ಒಂದು ರೂಮು ಹಿಡಿದ. ಆಫೀಸಿಗೆ ಹತ್ತಿರ ಹೋಗಬಾರದಾ ಎಂದು ನಾನು ಕೇಳಿದ್ದಕ್ಕೆ, ಕಿಟಕಿಯಿಂದ ಪ್ಲೇಗ್ರೌಂಡ್ ಕಾಣುತ್ತೆ ಸರ್ ಎಂದಷ್ಟೇ ಹೇಳಿದ. ವರ್ಣಿಕಾ ಸೈಕಲ್ ಕಲಿತದ್ದು ಅಲ್ಲಿ.

ಪ್ರತಿ ಭಾನುವಾರ ಇಲ್ಲಿಯ ಒಂದೂವರೆಗೆ, ಅಂದರೆ ಅಲ್ಲಿಯ ಹನ್ನೊಂದಕ್ಕೆ, ಮಗಳ ವಿಡಿಯೊ ಕಾಲ್. ಅದಕ್ಕೆ ಇವನು ಅಂಗಿ ಇಸ್ತ್ರಿ ಮಾಡಿ ಹಾಕಿಕೊಳ್ಳುತ್ತಿದ್ದ. ಏನೇನು ಕೇಳಬೇಕು ಎಂದು ವಾರವಿಡೀ ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ.

“ಊಟ ಆಯ್ತಾ?”

“ತಿಂಡಿ ಆಯ್ತು.”

“ಸ್ಕೂಲ್ ಹೇಗಿದೆ?”

“ಓಕೆ.”

“ಹೊಸದೇನು ಪುಟ್ಟ?”

“ಏನಿಲ್ಲ ಅಪ್ಪ.”

ಬರೆದಿಟ್ಟ ಹತ್ತು ಪ್ರಶ್ನೆಗೂ ಐದು ನಿಮಿಷದೊಳಗೆ ಉತ್ತರ ಸಿಕ್ಕಿಬಿಡುತ್ತಿತ್ತು. ಮಗಳಿಗೆ ಅಪ್ಪನ ಮೇಲೆ ಕೋಪವಿರಲಿಲ್ಲ. ಹದಿಮೂರನೇ ವಯಸ್ಸು, ಅಷ್ಟೇ. ನನ್ನ ಮಗ ಸಿದ್ಧಾಂತ್ ಪಕ್ಕದ ರೂಮಿನಲ್ಲೇ ಇದ್ದರೂ ನನಗೂ ಸಿಗುತ್ತಿದ್ದದ್ದು ಅಷ್ಟೇ ಮಾತು. ಆದರೆ ನನಗೆ ಅವನ ಚಪ್ಪಲಿ ಬಾಗಿಲಲ್ಲಿ ಕಾಣುತ್ತಿತ್ತು. ಮಧ್ವೇಶನಿಗೆ ಅದೂ ಇರಲಿಲ್ಲ.

ಜುಲೈ ತಿಂಗಳ ಒಂದು ಸೋಮವಾರ ಅವನು ಪ್ಲಾಟ್‌ಫಾರಮ್ಮಿನಲ್ಲಿ ನನ್ನನ್ನು ನೋಡಿದವನೇ, “ಸರ್, ನಿನ್ನೆ ನಲವತ್ತು ನಿಮಿಷ ಮಾತಾಡಿದ್ಲು” ಎಂದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ವರ್ಷಗಳಿಂದ ನೋಡಿರಲಿಲ್ಲ.

ಆದದ್ದಿಷ್ಟು. ವರ್ಣಿಕಾ ಶಾಲೆಯ ಕೆಲಸಕ್ಕೆ ಬಳಸುತ್ತಿದ್ದದ್ದು ಅಮ್ಮನ ಹಳೆಯ ಲ್ಯಾಪ್‌ಟಾಪು. ಇಲ್ಲಿಂದ ಹೋಗುವಾಗ ತೆಗೆದುಕೊಂಡು ಹೋದದ್ದು. ಅದೀಗ ಆನ್ ಆಗಲು ಆರು ನಿಮಿಷ ಹಿಡಿಯುತ್ತಿತ್ತು, ಪರದೆಯ ಮೇಲೆ ಎರಡು ಕಿಟಕಿ ತೆರೆದರೆ ಹ್ಯಾಂಗ್ ಆಗುತ್ತಿತ್ತು. ಏನು ಮಾಡಲಿ ಅಪ್ಪ ಎಂದು ಕೇಳಿದ್ದಳು. ಇವನು ಅವಳ ಕೈಯಲ್ಲೇ ಒಂದೊಂದಾಗಿ ತೆರೆಸಿ ನೋಡಿದ್ದ.

“ಮೆಮರಿ ಎಷ್ಟಿದೆ?” ಎಂದೆ.

“ನಾಲ್ಕು ಜಿಬಿ ಸರ್. ಒಂದು ಸ್ಲಾಟ್ ಖಾಲಿ ಇದೆ.”

“ಮತ್ತೇನು, ಇನ್ನೊಂದು ರ‍್ಯಾಮ್ ಹಾಕ್ಸಿದ್ರೆ ಮುಗೀತು.”

ಅವನು ಬಾಗಿಲ ಮೇಲಿನ ಸ್ಟೇಷನ್ ಪಟ್ಟಿ ನೋಡುತ್ತಾ, “ಸದ್ಯಕ್ಕೆ ಪೆನ್‌ಡ್ರೈವ್ ಹಾಕೋಕೆ ಹೇಳಿದೀನಿ. ರೆಡಿಬೂಸ್ಟ್ ಆನ್ ಮಾಡ್ಸಿದೀನಿ. ಸಾಕು ಸರ್” ಎಂದ.

ಇದು ಏನೆಂದು ತಿಳಿಯದವರಿಗೆ ಒಂದು ಮಾತು. ಕಂಪ್ಯೂಟರಿನ ರ‍್ಯಾಮ್ ಎಂದರೆ ಅಡುಗೆಮನೆಯ ಕಟ್ಟೆಯಿದ್ದ ಹಾಗೆ. ಕಟ್ಟೆ ಚಿಕ್ಕದಾದರೆ ಪ್ರತಿ ಸಾಮಾನಿಗೂ ಉಗ್ರಾಣಕ್ಕೆ ಓಡಾಡಬೇಕು, ಅಡುಗೆ ತಡವಾಗುತ್ತದೆ. ಹಳೆಯ ವಿಂಡೋಸ್‌ನಲ್ಲಿ ರೆಡಿಬೂಸ್ಟ್ ಎಂಬ ಒಂದು ಉಪಾಯವಿತ್ತು. ಪೆನ್‌ಡ್ರೈವ್ ಚುಚ್ಚಿದರೆ, ಪದೇ ಪದೇ ಬೇಕಾಗುವ ಸಾಮಾನಿನ ಒಂದು ಪ್ರತಿಯನ್ನು ಅದರಲ್ಲಿ ಇಟ್ಟುಕೊಳ್ಳುತ್ತದೆ. ಉಗ್ರಾಣದ ಬಾಗಿಲಲ್ಲಿ ಒಂದು ಸ್ಟೂಲ್ ಇಟ್ಟ ಹಾಗೆ. ಓಡಾಟ ಒಂದಿಷ್ಟು ಕಡಿಮೆಯಾಗುತ್ತದೆ, ಕಟ್ಟೆ ಮಾತ್ರ ದೊಡ್ಡದಾಗುವುದಿಲ್ಲ. ಇದು ನನಗೂ ಗೊತ್ತು, ನನಗಿಂತ ಚೆನ್ನಾಗಿ ಮಧ್ವೇಶನಿಗೆ ಗೊತ್ತು.

ಮುಂದಿನ ಭಾನುವಾರವೂ ಲ್ಯಾಪ್‌ಟಾಪ್ ನಿಧಾನವಾಗಿತ್ತು. ಪೆನ್‌ಡ್ರೈವನ್ನು ಇನ್ನೊಂದು ಕಡೆ ಚುಚ್ಚಿಸಿದ. ಅದರ ಮುಂದಿನ ವಾರ ಬೇಡದ ಪ್ರೋಗ್ರಾಮುಗಳನ್ನು ತೆಗೆಸಿದ. ಆಮೇಲೆ ದೊಡ್ಡ ಪೆನ್‌ಡ್ರೈವ್ ತರಿಸಿ, ಎಲ್ಲವನ್ನೂ ಮೊದಲಿಂದ ಮಾಡಿಸಿದ. ತಾನೇ ಇಲ್ಲಿಂದ ಆ ಲ್ಯಾಪ್‌ಟಾಪಿಗೆ ಕನೆಕ್ಟ್ ಆಗಿ ಐದು ನಿಮಿಷದಲ್ಲಿ ಮುಗಿಸಬಹುದಾದ ಕೆಲಸ. ಅದನ್ನು ಮಾಡದೆ, ಫೋನನ್ನು ಸ್ಟೀಲ್ ಡಬ್ಬಕ್ಕೆ ಒರಗಿಸಿಡಲು ಹೇಳುತ್ತಿದ್ದ. ಆಗ ಅವಳ ಕೈ ಕಾಣುತ್ತಿತ್ತು, ಉಗುರಿನ ನೀಲಿ ಬಣ್ಣ ಕಾಣುತ್ತಿತ್ತು. ಕಂಪ್ಯೂಟರು ಯೋಚನೆ ಮಾಡುತ್ತಾ ನಿಂತಾಗ ಅವಳಿಗೂ ಬೇರೆ ಕೆಲಸವಿಲ್ಲದೆ ಮಾತು ತಾನಾಗಿ ಬರುತ್ತಿತ್ತು.

ಕ್ಲಾಸಿನಲ್ಲಿ ತನ್ನನ್ನು ಸಿಂಗಾಪುರ ಎಂದೇ ಕರೆಯುತ್ತಾರೆ ಎಂದಳು. ಕನ್ನಡದ ಒತ್ತಕ್ಷರ ಬರೆಯುವಾಗ ಕೈ ತಡೆಯುತ್ತದೆ ಎಂದಳು. ಭಾನುಮತಿ ಮಿಸ್ ಎಂಬ ಕನ್ನಡ ಟೀಚರು, ನೀನು ತಪ್ಪು ಬರೆದರೂ ಸರಿ, ಬರೆಯೋದು ನಿಲ್ಲಿಸಬೇಡ ಎಂದರಂತೆ. ಅವರೇ ಒಂದು ಸ್ಪರ್ಧೆಗೆ ವಿಡಿಯೊ ಮಾಡಲು ಹೇಳಿದ್ದಾರೆ, ಕುಕ್ಕರಹಳ್ಳಿ ಕೆರೆಯ ಪಕ್ಷಿಗಳ ಮೇಲೆ, ಮಾತೆಲ್ಲ ಕನ್ನಡದಲ್ಲೇ ಇರಬೇಕು ಎಂದಳು. “ಅಪ್ಪ, ಪೆಲಿಕನ್‌ಗೆ ಕನ್ನಡದಲ್ಲಿ ಹೆಜ್ಜಾರ್ಲೆ ಅಂತಾರೆ, ನಿಂಗೊತ್ತಿತ್ತಾ?” ಎಂದು ಕೇಳಿದಳಂತೆ. ಅವನಿಗೆ ಗೊತ್ತಿರಲಿಲ್ಲ. ಆ ಸೋಮವಾರ ರೈಲಿನಲ್ಲಿ ಅವನು ಆ ಪದವನ್ನು ನಾಲ್ಕು ಸಲ ಹೇಳಿದ.

ಸೆಪ್ಟೆಂಬರಿನಲ್ಲಿ ನಾನು ಮತ್ತೆ ಕೇಳಿದೆ. “ಅಲ್ಲಪ್ಪಾ, ವಿಡಿಯೊ ಎಡಿಟ್ ಮಾಡ್ಬೇಕು ಅಂತಿದಾಳೆ. ನಾಲ್ಕು ಜಿಬಿಲಿ ಆಗತ್ತಾ ಅದು? ಒಂದು ರ‍್ಯಾಮ್ ಹಾಕ್ಸು.”

“ಹಾಕಿದ್ರೆ ಸರಿಹೋಗತ್ತೆ ಸರ್.”

“ಸರಿಹೋಗ್ಲಿ ಅಂತ ತಾನೇ?”

ಅವನು ತಾನಾ ಮೆರಾದಲ್ಲಿ ಇಳಿದು ಎದುರಿನ ರೈಲಿಗೆ ಕಾಯುತ್ತಿದ್ದಾಗ ತಗ್ಗಿದ ದನಿಯಲ್ಲಿ ಹೇಳಿದ: “ಸರಿಹೋದ್ಮೇಲೆ ಅವಳಿಗೆ ನನ್ನ ಹತ್ರ ಏನಿದೆ ಸರ್ ಮಾತಾಡೋಕೆ?”

ಆಗಲೇ ನಾನು ಗಟ್ಟಿಯಾಗಿ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ರೈಲು ಬಂತು, ಹತ್ತಿದೆವು.

ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಅವನು ನಮ್ಮ ಮನೆಯ ಬೆಲ್ ಮಾಡಿದ. ಒಳಗೆ ಬಂದು ಕೂತ. ನನ್ನ ಹೆಂಡತಿ ಜಯಾ ಕಾಫಿ ತಂದಿಟ್ಟಳು. ಅವನು ಲೋಟ ಹಿಡಿದುಕೊಂಡೇ ಕೂತಿದ್ದ.

ವರ್ಣಿಕಾ ಐದು ದಿನ ಬೆಳಗ್ಗೆ ಅಮ್ಮನ ಜೊತೆ ಕೆರೆಗೆ ಹೋಗಿ ವಿಡಿಯೊ ತೆಗೆದಿದ್ದಳು. ಮೂರು ವಾರ ಕೂತು ಎಡಿಟ್ ಮಾಡಿದ್ದಳು. ತನ್ನ ದನಿಯಲ್ಲೇ ಕನ್ನಡದಲ್ಲಿ ವಿವರಣೆ ಹೇಳಿ ಸೇರಿಸಿದ್ದಳು. ಸೋಮವಾರ ಕೊಡಬೇಕಿತ್ತು. ಆ ಬೆಳಗ್ಗೆ ಎಲ್ಲವನ್ನೂ ಒಂದು ಫೈಲು ಮಾಡಲು ಹೋದಾಗ ಲ್ಯಾಪ್‌ಟಾಪ್ ನಿಂತೇಹೋಯಿತು. ಮತ್ತೆ ಆನ್ ಮಾಡಿದರೆ ಮೂರು ವಾರದ ಕೆಲಸ ತೆರೆದುಕೊಳ್ಳಲೇ ಇಲ್ಲ.

“ಅತ್ಲಾ?” ಎಂದಳು ಜಯಾ.

“ಇಲ್ಲ ಮೇಡಮ್. ಸಾರಿ ಕೇಳಿದ್ಲು. ಪೆನ್‌ಡ್ರೈವ್ ತೆಗೀಬೇಡ ಅಂತ ನಾನು ಹೇಳಿದ್ನಂತೆ, ಅವಳು ನಿನ್ನೆ ಅಮ್ಮನಿಗೆ ಬೇಕು ಅಂತ ಒಂದ್ಸಲ ತೆಗೆದಿದ್ಲಂತೆ. ಅದಕ್ಕೇ ಹೀಗಾಯ್ತು, ನನ್ನದೇ ತಪ್ಪು ಅಪ್ಪ ಅಂದ್ಲು.”

“ಅದರಿಂದ ಹೀಗಾಗತ್ತಾ?”

“ಆಗಲ್ಲ. ಪೆನ್‌ಡ್ರೈವ್ ತೆಗೆದ್ರೆ ಏನೂ ಆಗಲ್ಲ. ಮೆಮರಿ ಸಾಲದೆ ಆಗಿದ್ದು.”

“ಅವಳಿಗೆ ಹೇಳಿದ್ರಾ ಅದನ್ನ?”

“ನಿನ್ನ ತಪ್ಪಲ್ಲ ಪುಟ್ಟ ಅಂದೆ.”

“ಯಾರ ತಪ್ಪು ಅಂತ ಹೇಳಿದ್ರಾ?”

ಅವನು ಲೋಟವನ್ನು ಮೇಜಿನ ಮೇಲಿಟ್ಟ. ಜಯಾ ಅವನ ಎದುರಿಗೆ ಕೂತು, “ಮಗು ಅಲ್ಲಿ ತಪ್ಪಾಯ್ತು ಅಂತ ಕೂತಿದೆ. ಕಾಫಿ ಆಮೇಲೆ ಕುಡೀಬಹುದು. ಮೊದಲು ಕಾಲ್ ಮಾಡಿ” ಎಂದಳು.

ಕೆಳಗೆ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಬ್ಲಾಕಿನ ತೆರೆದ ನೆಲಮಹಡಿಯಲ್ಲಿ, ಕಲ್ಲಿನ ಮೇಜಿದೆ, ವಯಸ್ಸಾದವರು ಚೆಸ್ ಆಡುವ ಜಾಗ. ಅಲ್ಲಿ ಹೋಗಿ ಕೂತೆವು. ನಾನು ಎದ್ದು ಹೋಗಲು ನೋಡಿದೆ, ಅವನು ಇರಿ ಸರ್ ಎಂದ. ಮೊದಲು ವಿನುತಾಗೆ ಕಾಲ್ ಮಾಡಿದ. ಫೋನನ್ನು ಮೇಜಿನ ಮೇಲೆ ಸ್ಪೀಕರ್‌ನಲ್ಲಿಟ್ಟಿದ್ದ, ಹಾಗಾಗಿ ಎಲ್ಲವೂ ನನಗೆ ಕೇಳಿಸಿತು.

“ವಿನುತಾ, ಲ್ಯಾಪ್‌ಟಾಪ್‌ಗೆ ರ‍್ಯಾಮ್ ಹಾಕಿಸ್ಬೇಕಿತ್ತು. ಜುಲೈನಲ್ಲೇ.”

“ನಿಮಗೆ ಆಗ ಗೊತ್ತಾಗ್ಲಿಲ್ವಾ?”

“ಗೊತ್ತಿತ್ತು.”

ಆ ಕಡೆ ಹಿಂದೆ ಎಲ್ಲೋ ಮಿಕ್ಸಿ ತಿರುಗಿ ನಿಂತ ಸದ್ದು ಕೇಳಿಸಿತು. ಆಮೇಲೆ ವಿನುತಾ, “ಭಾನುವಾರ ಆದ್ರೆ ನೀವಿಬ್ರೂ ಅಷ್ಟೊತ್ತು ಅದನ್ನೇ ಹಿಡ್ಕೊಂಡು ಕೂತಿರ್ತಿದ್ರಿ. ನಾನೂ ರಿಪೇರಿ ಅಂಗಡಿಗೆ ಕೊಡೋಣ ಅಂತ ಎರಡು ಸಲ ಅಂದ್ಕೊಂಡೆ. ಕೊಡ್ಲಿಲ್ಲ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಅವಳಿಗೇ ಹೇಳಿ. ಫೋನ್ ಕೊಡ್ತೀನಿ.”

ಮಗಳಿಗೆ ಅವನು ಎಲ್ಲವನ್ನೂ ಹೇಳಿದ. ಸುತ್ತಿ ಬಳಸಿ ಹೇಳಲಿಲ್ಲ. ಕೇಳಿಕೊಂಡು ಅವಳು ಒಂದೇ ಮಾತು ಕೇಳಿದಳು: “ಸೋ, ನಾನು ಕಾಲ್ ಮಾಡ್ಲಿ ಅಂತ ಮಾಡಿದ್ದಾ?”

“ಹೂಂ.”

“ಸುಮ್ನೆ ಮಾತಾಡು ಅಂತ ಹೇಳ್ಬಹುದಿತ್ತಲ್ಲ ಅಪ್ಪ.”

“ಹೇಳೋಕೆ ಬರ್ಲಿಲ್ಲ ಪುಟ್ಟ.”

ಅವಳು ಫೋನನ್ನು ಅಮ್ಮನಿಗೆ ಕೊಟ್ಟುಬಿಟ್ಟಳು.

ವಿನುತಾ ಆ ಸಂಜೆಯೇ ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪ್ ತಂದುಕೊಟ್ಟಳು. ಪಕ್ಷಿಗಳ ವಿಡಿಯೊಗಳು ಫೋನಿನಲ್ಲಿ ಉಳಿದಿದ್ದವು. ವರ್ಣಿಕಾ ಭಾನುವಾರವಿಡೀ ಕೂತು, ಹನ್ನೆರಡು ನಿಮಿಷವಿದ್ದದ್ದನ್ನು ಐದು ನಿಮಿಷಕ್ಕೆ ಇಳಿಸಿ ಮತ್ತೆ ಮಾಡಿದಳು. ಬಹುಮಾನ ಬರಲಿಲ್ಲ. ಭಾನುಮತಿ ಮಿಸ್ ಅದನ್ನು ಶಾಲೆಯಲ್ಲಿ ಎಲ್ಲ ಕ್ಲಾಸಿಗೂ ತೋರಿಸಿದರಂತೆ.

ಆ ಭಾನುವಾರ ಕಾಲ್ ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಮಧ್ವೇಶ ತಾನಾಗಿ ಮಾಡಲಿಲ್ಲ. ಮಾಡುವ ಹಕ್ಕು ತನಗೆ ಸದ್ಯ ಇಲ್ಲ ಎಂದ. ಒಂದೂವರೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಕಿಟಕಿಯ ಹತ್ತಿರ ಕೂತಿರುತ್ತಿದ್ದ ಎಂದು ನನಗೆ ಗೊತ್ತಾದದ್ದು, ನಾನು ಹಾಗೇ ಒಮ್ಮೆ ಅವನ ರೂಮಿಗೆ ಹೋದದ್ದರಿಂದ. ಮೂರನೇ ಭಾನುವಾರ ಅವಳೇ ಮಾಡಿದಳು. “ಶಿವರಾಮ್ ಅಂಕಲ್ ಡಿಸೆಂಬರ್‌ನಲ್ಲಿ ಬರ್ತಾರೆ ಅಂದಿದ್ದೆ ಅಲ್ವಾ, ಅವರ ಹತ್ರ ರ‍್ಯಾಮ್ ಕಳಿಸ್ತೀಯಾ?” ಎಂದು ಕೇಳಿ ಇಟ್ಟಳು.

ಮೈಸೂರಿನಲ್ಲೂ ಸಿಗುವ ಸಾಮಾನು ಅದು. ಆದರೂ ಅವನು ಎಲೆಕ್ಟ್ರಾನಿಕ್ಸ್ ಅಂಗಡಿಗಳೇ ತುಂಬಿದ ಸಿಮ್ ಲಿಮ್ ಸ್ಕ್ವೇರ್‌ನಲ್ಲಿ ಮೂರು ಮಹಡಿ ಹತ್ತಿಳಿದು ಆರಿಸಿ ತಂದ. ತನ್ನ ಲ್ಯಾಪ್‌ಟಾಪಿನಲ್ಲಿ ಎರಡು ದಿನ ಹಾಕಿ ಟೆಸ್ಟ್ ಮಾಡಿದ. ಅದರ ಬೆಳ್ಳಿ ಬಣ್ಣದ ಚೀಲದಲ್ಲಿಟ್ಟು, ಮೇಲೆ ಬಟ್ಟೆ ಸುತ್ತಿ, ಹ್ಯಾಂಡ್ ಲಗೇಜಿನಲ್ಲೇ ಇಟ್ಟುಕೊಳ್ಳಿ ಸರ್ ಎಂದು ಕೊಟ್ಟ.

ಜಯಾಳ ಅಣ್ಣನ ಮಗಳ ಮದುವೆ ಮುಗಿಸಿಕೊಂಡು ನಾನು ಒಂದು ಭಾನುವಾರ ಮೈಸೂರಿನ ಕುವೆಂಪುನಗರದಲ್ಲಿರುವ ವಿನುತಾಳ ಮನೆಗೆ ಹೋದೆ. ವರ್ಣಿಕಾ ನನ್ನ ಭುಜದೆತ್ತರಕ್ಕೆ ಬೆಳೆದಿದ್ದಳು. ಊಟದ ಮೇಜಿನ ಮೇಲೆ ಟವೆಲ್ ಹಾಸಿ, ಲ್ಯಾಪ್‌ಟಾಪನ್ನು ಬೋರಲು ಮಲಗಿಸಿ, ಸ್ಕ್ರೂಡ್ರೈವರ್ ಪಕ್ಕದಲ್ಲಿಟ್ಟು ಸಿದ್ಧವಾಗಿದ್ದಳು. ಫೋನು ಡಬ್ಬಕ್ಕೆ ಒರಗಿತ್ತು. ಪರದೆಯಲ್ಲಿ ಮಧ್ವೇಶ.

ನಾನು ಅಭ್ಯಾಸಬಲದಿಂದ ಕೈ ಚಾಚಿದೆ.

“ಅಂಕಲ್, ನೀವು ಮುಟ್ಬೇಡಿ. ಅಪ್ಪ ಹೇಳ್ತಾನೆ, ನಾನು ಮಾಡ್ತೀನಿ.”

ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ನಾನು, ಕೈ ಕಟ್ಟಿ ಕೂತೆ.

“ಮೊದಲು ಕಿಟಕಿ ಕಂಬಿ ಮುಟ್ಟು. ಮೈಯಲ್ಲಿರೋ ಕರೆಂಟ್ ಹೋಗ್ಲಿ. ಮುಟ್ಟಿದ್ಯಾ? ಈಗ ಎಡಗಡೆ ಮೇಲಿನ ಸ್ಕ್ರೂ. ಬಿಚ್ಚಿದ್ದನ್ನ ಕಾಗದದ ಮೇಲಿಡು, ಅದೇ ಜಾಗಕ್ಕೆ ಬರೋ ಹಾಗೆ.”

ಹನ್ನೊಂದು ಸ್ಕ್ರೂ. ಅವಳು ಒಂದೊಂದನ್ನೂ ಸಾಲಾಗಿ ಇಟ್ಟಳು. ಮುಚ್ಚಳ ಬಿಚ್ಚಿಕೊಳ್ಳಲು ತಕರಾರು ಮಾಡಿತು. ಬಲ ಹಾಕಬೇಡ, ಹಳೆಯ ಕಾರ್ಡ್ ಒಂದನ್ನು ಸಂದಿಯಲ್ಲಿ ಜಾರಿಸು ಎಂದ. ಖಾಲಿ ಸ್ಲಾಟ್ ಕಾಣಿಸಿತು, ಧೂಳು ತುಂಬಿತ್ತು. ಊದಬೇಡ, ಬ್ರಷ್‌ನಿಂದ ಒರೆಸು ಎಂದ.

“ಈಗ ಓರೆಯಾಗಿ ಒಳಗೆ ತಳ್ಳು. ಚಿನ್ನದ ಗೆರೆ ಕಾಣಬಾರದು. ಹೂಂ. ಈಗ ಕೆಳಗೆ ಒತ್ತು. ಎರಡೂ ಕಡೆ ಟಕ್ ಅನ್ಬೇಕು. ಅಂತಾ?”

“ಅಂತು.”

ಮತ್ತೆ ಮುಚ್ಚಿ ಆನ್ ಮಾಡಿದಾಗ ನಿಮಿಷ ತುಂಬುವುದರೊಳಗೆ ಪರದೆ ಬೆಳಗಿ ನಿಂತಿತು. ಅವಳು ಒಂದಾದ ಮೇಲೊಂದು ಆರು ಕಿಟಕಿ ತೆರೆದು ನೋಡಿದಳು. ಯಾವುದೂ ಕಾಯಿಸಲಿಲ್ಲ.

“ಅಪ್ಪ, ಸಖತ್ ಫಾಸ್ಟ್ ಆಯ್ತು.”

“ಒಳ್ಳೇದು ಪುಟ್ಟ.”

“ಪೆನ್‌ಡ್ರೈವ್?”

“ಅದಿನ್ನು ಬೇಡ. ಅಮ್ಮಂಗೆ ಕೊಟ್ಬಿಡು.”

ಅಲ್ಲಿಗೆ ಹೇಳುವುದೆಲ್ಲ ಮುಗಿಯಿತು. ಅವಳು ಪರದೆಯನ್ನು ನೋಡಿದಳು, ಅವನು ಅವಳನ್ನು ನೋಡಿದ. ಅಡುಗೆಮನೆಯ ಬಾಗಿಲಲ್ಲಿ ವಿನುತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ಕೈ ಆಗಲೇ ಒಣಗಿತ್ತು.

ಮಧ್ವೇಶ ಹೆದರಿದ್ದ ಹಾಗೇ ಆಯಿತು. ಭಾನುವಾರದ ಕಾಲ್ ಮತ್ತೆ ಐದು ನಿಮಿಷಕ್ಕೆ ಇಳಿಯಿತು, ಕೆಲವು ವಾರ ಬರಲೂ ಇಲ್ಲ. ಆದರೆ ಅವನು ಬೇರೆ ಯಾವ ನೆಪವನ್ನೂ ಹುಡುಕಲಿಲ್ಲ. ಬರೆದಿಟ್ಟ ಪ್ರಶ್ನೆ ಕೇಳುವುದನ್ನೂ ಬಿಟ್ಟ. ಅದರ ಬದಲು ರೈಲಿನಲ್ಲಿ ಕೂತು ದಿನಾ ಎರಡು ಸಾಲು ಕನ್ನಡದಲ್ಲಿ ಟೈಪ್ ಮಾಡಿ ಕಳಿಸತೊಡಗಿದ. ಇವತ್ತು ಹಾಕರ್ ಸೆಂಟರಿನಲ್ಲಿ ಒಂದು ಮೈನಾ ನನ್ನ ತಟ್ಟೆಯಿಂದ ಪೂರಿ ಎತ್ತಿಕೊಂಡು ಹೋಯಿತು. ಇವತ್ತು ಶಿವರಾಮ್ ಸರ್ ನಿದ್ದೆ ಮಾಡಿ ಸ್ಟೇಷನ್ ತಪ್ಪಿಸಿದರು. ಉತ್ತರ ಬೇಕೆಂದು ಕಳಿಸುತ್ತಿರಲಿಲ್ಲ. ಹತ್ತರಲ್ಲಿ ಒಂದಕ್ಕೆ ಉತ್ತರ ಬರುತ್ತಿತ್ತು, ಅದೂ ಒಂದು ನಗುವ ಮುಖ. ಒಮ್ಮೆ, “ಅಪ್ಪ, ‘ಹಾಗಾದರೆ’ ಸ್ಪೆಲಿಂಗ್ ತಪ್ಪು” ಎಂದು ಬಂತು. ಅದನ್ನು ನನಗೆ ತೋರಿಸಿದ.

ಏಪ್ರಿಲ್ ರಜೆಗೆ ವರ್ಣಿಕಾ ಹನ್ನೆರಡು ದಿನ ಬಂದಳು. ಪರಿಚಯದವರ ಜೊತೆ ವಿನುತಾಳೇ ಕಳಿಸಿದ್ದಳು. ಬೆಳಗ್ಗೆ ಹತ್ತರವರೆಗೆ ಮಲಗುತ್ತಿದ್ದಳು. ತೆಂಗಿನಕಾಯಿ ಜ್ಯಾಮ್ ಸವರಿದ ಕಾಯ ಟೋಸ್ಟ್ ದಿನಾ ಬೇಕಿತ್ತು. ಹಳೆಯ ಗೆಳತಿಯ ಮನೆಗೆ ಹೋದರೆ ಅವರು ಬೇರೆ ಕಡೆ ಶಿಫ್ಟ್ ಆಗಿದ್ದರು. ಒಂದು ಸಂಜೆ ಇಬ್ಬರೂ ನಮ್ಮ ಮನೆಗೂ ಬಂದರು. ಅಪ್ಪ ಮಗಳು ಹೆಚ್ಚೇನೂ ಮಾತಾಡಿಕೊಳ್ಳಲಿಲ್ಲ. ಸೋಫಾದಲ್ಲಿ ಅಕ್ಕಪಕ್ಕ ಕೂತು, ಅವಳು ತನ್ನ ಫೋನ್ ನೋಡುತ್ತಿದ್ದಳು, ಅವನು ಅವಳು ಕುಡಿದಿಟ್ಟ ಜ್ಯೂಸಿನ ಲೋಟವನ್ನು ಹಿಡಿದುಕೊಂಡಿದ್ದ.

ಅವಳು ಹೋದದ್ದು ಒಂದು ಭಾನುವಾರ, ಬೆಳಗಿನ ಬೆಂಗಳೂರು ಫ್ಲೈಟಿನಲ್ಲಿ. ಮರುದಿನ ನಾವು ಎಂದಿನಂತೆ ರೈಲು ಹತ್ತಿದೆವು. ಕ್ಲೆಮೆಂಟಿ ಹೋಯಿತು, ತಾನಾ ಮೆರಾದಲ್ಲಿ ಬದಲಿಸಿದೆವು. ಮಧ್ವೇಶ ಆ ದಿನ ಏನನ್ನೂ ಟೈಪ್ ಮಾಡಲಿಲ್ಲ. ಆ ಕಡೆಯ ರೈಲು ಎಕ್ಸ್‌ಪೋ ಆದ ಮೇಲೆ ಇನ್ನೊಂದೇ ಸ್ಟೇಷನ್ ಹೋಗುತ್ತದೆ, ಏರ್‌ಪೋರ್ಟಿಗೆ. ಎಕ್ಸ್‌ಪೋದಲ್ಲಿ ಬಾಗಿಲು ತೆರೆಯಿತು. ನಾನು ಇಳಿದೆ, ಅವನು ಇಳಿಯಲಿಲ್ಲ. ಸೂಟ್‌ಕೇಸ್ ಹಿಡಿದವರ ಮಧ್ಯೆ, ಮೇಲಿನ ಹಿಡಿ ಹಿಡಿದುಕೊಂಡು ಹಾಗೇ ನಿಂತಿದ್ದ. ನಾನು ಕರೆಯಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಆಫೀಸಿಗೆ ಬಂದ. ಎಲ್ಲಿಗೆ ಹೋಗಿದ್ದೆ ಎಂದು ನಾನು ಕೇಳಲಿಲ್ಲ. ಅವನೇ, “ಬೆಂಗಳೂರು ಫ್ಲೈಟ್ ಇವತ್ತು ಹತ್ತು ನಿಮಿಷ ಲೇಟು ಸರ್” ಎಂದು, ಕುರ್ಚಿ ಎಳೆದುಕೊಂಡು, ಯಾರೋ ತಂದಿಟ್ಟಿದ್ದ ಲ್ಯಾಪ್‌ಟಾಪಿನ ಮುಂದೆ ಕೂತ.